‘ಗಾಡಿ ಕೊಡಬೇಡ’ ಎಂದು ಬರೆದವರು

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಹಳೆಯ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ. ಯಾವುದೋ ಆಯುಧಪೂಜೆಯ ದಿನ ತೆಗೆದ ಫೋಟೊ, ಹಣೆಗೆ ಕುಂಕುಮ, ಮುಖದಲ್ಲಿ ಎಂದಿನ ಗಂಟು. ಅದರ ಕೆಳಗೆ ಮ್ಯಾನೇಜರ್ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದಿದ್ದ. ನಮ್ಮ ಸರ್ವಿಸ್ ಸೆಂಟರಿನ ಆಧಾರಸ್ತಂಭ, ಕೆಲಸದಲ್ಲಿ ರಾಜಿಯೇ ಇಲ್ಲದ ಮನುಷ್ಯ, ನಮಗೆಲ್ಲ ಗುರು. ಅದರ ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು.

ಓದಿ ನನ್ನ ಮೈಯೆಲ್ಲ ಉರಿಯಿತು. ಆ ಸ್ತಂಭವನ್ನು ಕಿತ್ತು ರಸ್ತೆಗೆ ಎಸೆದವನು ಅವನೇ. ಎಸೆಯುವಾಗ ಒಂದು ಕೈ ಹಾಕಿದವಳು ನಾನು.

ಮರುದಿನ ಮೈಲಾಪೂರಿನ ಅವರ ಮನೆಗೆ ಹೋಗಿ ಬಂದೆ. ಅವರ ಹೆಂಡತಿ ನನ್ನನ್ನು ಮಾತಾಡಿಸಲಿಲ್ಲ. ಸರಿಯಾದದ್ದನ್ನೇ ಮಾಡಿದರು. ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಆ ಹೆಸರು ಒಂದು ಸಲ ಇರಬಾರದ ಕಡೆ ನನ್ನ ಕೈಯಿಂದಲೇ ಅಚ್ಚಾಗಿದೆ, ಅಷ್ಟು ಸಾಕು.

ನಾನು ಮಂಡ್ಯದವಳು, ಆಟೊಮೊಬೈಲ್ ಡಿಪ್ಲೊಮಾ ಓದಿದವಳು. ಗಂಡನಿಗೆ ಚೆನ್ನೈಗೆ ವರ್ಗವಾದಾಗ ಜೊತೆಗೆ ಬಂದೆ. ಕೋಯಂಬೇಡಿನ ಹತ್ತಿರ ಒಂದು ದೊಡ್ಡ ಕಾರ್ ಸರ್ವಿಸ್ ಸೆಂಟರಿನಲ್ಲಿ ಸರ್ವಿಸ್ ಅಡ್ವೈಸರ್ ಕೆಲಸ ಸಿಕ್ಕಿತು. ಗಿರಾಕಿ ಹೇಳಿದ ತೊಂದರೆಯನ್ನು ಜಾಬ್ ಕಾರ್ಡಿನಲ್ಲಿ ಬರೆದುಕೊಳ್ಳುವುದು, ಅದನ್ನು ಮೆಕ್ಯಾನಿಕ್ಕಿಗೆ ದಾಟಿಸುವುದು, ರಿಪೇರಿ ಮುಗಿದ ಮೇಲೆ ನಗುತ್ತಾ ಕೀ ಕೊಡುವುದು, ಇಷ್ಟೇ ನನ್ನ ಕೆಲಸ. ಅವರು ಅಲ್ಲಿನ ಹಿರಿಯ ಮೆಕ್ಯಾನಿಕ್.

ಸೇರಿದ ಮೊದಲ ವಾರವೇ ನಾನು ಒಂದು ಕಾರ್ಡಿನಲ್ಲಿ ‘ಇಂಜಿನ್ ಸೌಂಡ್’ ಎಂದು ಬರೆದು ಕಳಿಸಿದ್ದೆ. ಐದು ನಿಮಿಷಕ್ಕೆ ಕುಳ್ಳಗಿನ ಮನುಷ್ಯರೊಬ್ಬರು, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಕಟ್ಟಿಕೊಂಡವರು, ನನ್ನ ಮೇಜಿನ ಮುಂದೆ ಬಂದು ಆ ಕಾರ್ಡನ್ನು ಪಟ್ಟಂತ ಇಟ್ಟರು.

“ಇಂಜಿನ್ ಸೌಂಡ್ ಅಂದ್ರೆ ಎಂತ ಮೇಡಂ? ಇಂಜಿನ್ ಸೌಂಡ್ ಮಾಡ್ದೆ ಭಜನೆ ಮಾಡ್ತದಾ? ತಣ್ಣಗಿದ್ದಾಗಲಾ, ಕಾದ ಮೇಲಾ? ನಿಂತಾಗಲಾ, ಓಡುವಾಗಲಾ? ಟಕಟಕ ಅಂಬುದಾ, ಗರಗರ ಅಂಬುದಾ? ಕೇಳ್ಲಿಕ್ಕೆ ಬಾಯಿ ಇಲ್ಯಾ ನಿಮಗೆ?”

ರಿಸೆಪ್ಷನ್ನಿನಲ್ಲಿ ಹತ್ತು ಜನ ಗಿರಾಕಿಗಳು ಕೂತಿದ್ದರು. ಅವಮಾನಕ್ಕೆ ನನ್ನ ಕಿವಿ ಕೆಂಪಾಯಿತು. ಅವರು ಹೋದ ಮೇಲೆಯೇ ನನಗೆ ಹೊಳೆದದ್ದು, ಬೈದದ್ದು ಕನ್ನಡದಲ್ಲಿ ಎಂದು. ನಾನು ಮನೆಗೆ ಫೋನ್ ಮಾಡುವಾಗ ಕೇಳಿಸಿಕೊಂಡಿದ್ದರಂತೆ. ಊರಿನ ಭಾಷೆಯವಳು ಅಂತ ಗೊತ್ತಾದ ಮೇಲೆ ಮಾಡಿದ ಮೊದಲ ಕೆಲಸ ಬೈದದ್ದು.

ಅವರ ಅಜ್ಜ ಕುಂದಾಪುರದ ಕಡೆಯಿಂದ ದೋಸೆ ಹುಯ್ಯಲು ಬಂದವರು. ಅಣ್ಣತಮ್ಮಂದಿರು ಈಗಲೂ ಮೈಲಾಪೂರಿನಲ್ಲಿ ಹೋಟೆಲ್ ನಡೆಸುತ್ತಾರೆ. ಇವರು ಹದಿನಾರನೇ ವಯಸ್ಸಿಗೆ ಅಡುಗೆಮನೆಯ ರುಬ್ಬುವ ಮೆಷಿನ್ನನ್ನು ಬಿಚ್ಚಿ ಹಾಕಿ, ಅದನ್ನು ಮತ್ತೆ ಜೋಡಿಸುವಷ್ಟರಲ್ಲಿ ಎರಡು ದಿನ ಇಡ್ಲಿಯಿಲ್ಲದೆ ಹೋಟೆಲ್ ಮುಚ್ಚಬೇಕಾಯಿತಂತೆ. ಅಪ್ಪ ಕೈ ಹಿಡಿದು ಕರೆದುಕೊಂಡು ಹೋಗಿ ಲಾರಿ ವರ್ಕ್‌ಶಾಪಿಗೆ ಬಿಟ್ಟರು. “ನಮ್ಮ ಅಪ್ಪಯ್ಯ ಸಿಟ್ಟಂಗೆ ಮಾಡಿದ್ದ್ ಒಂದೇ ಒಳ್ಳೆ ಕೆಲಸ ಅದ್” ಎನ್ನುತ್ತಿದ್ದರು. ಅವರ ಮಾತು ಕುಂದಾಪುರದ ಕನ್ನಡ, ಅರ್ಧಕ್ಕರ್ಧ ತಮಿಳು. ಓದುವುದು ಬರೆಯುವುದು ತಮಿಳು ಮಾತ್ರ. ಕನ್ನಡದ ಅಕ್ಷರ ಬರುತ್ತಿರಲಿಲ್ಲ.

ಕೆಲಸಕ್ಕೆ ಬರುವಾಗ ಹಳೇ ಬಿಳಿ ಪಂಚೆಯನ್ನು ಅಂಗೈ ಅಗಲಕ್ಕೆ ಹರಿದು, ಒಗೆದು, ಮಡಿಸಿ ಒಂದು ಚೀಲದಲ್ಲಿ ತರುತ್ತಿದ್ದರು. ಒಂದು ಕಾರಿಗೆ ಒಂದು ತುಂಡು. ಇಂಜಿನ್ನಿನ ಎಣ್ಣೆಯ ಮಟ್ಟ ಅಳೆಯುವ ಕಡ್ಡಿಯನ್ನು ಹೊರಗೆಳೆದು ಆ ಬಿಳಿ ಬಟ್ಟೆಗೆ ಒರೆಸಿ, ಬಿಸಿಲಿಗೆ ಹಿಡಿದು ನೋಡಿ, ಬೆರಳಲ್ಲಿ ಉಜ್ಜಿ, ಮೂಸಿ, ಆಮೇಲೆಯೇ ಮಾತು. ಕಂಪನಿ ಕೊಡುವ ನೀಲಿ ಬಟ್ಟೆ ಮುಟ್ಟುತ್ತಿರಲಿಲ್ಲ. “ನೀಲಿ ಬಟ್ಟೆ ಮೇಲೆ ಎಲ್ಲ ಎಣ್ಣೆಯೂ ಒಂದೇ. ಅದಕ್ಕೇ ಕೊಟ್ಟದ್ದ್ ಅವ್ರ್” ಎಂದು ಮ್ಯಾನೇಜರ್ ಎದುರಿಗೇ ಹೇಳುತ್ತಿದ್ದರು.

ಸಿಟ್ಟಿಲ್ಲದೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಕಮ್ಮಿ. ಚಹಾ ತಣ್ಣಗಿದ್ದರೆ ಸಿಟ್ಟು, ಬಿಸಿಯಿದ್ದರೂ ಸಿಟ್ಟು. ಹಿಡಿದ ಸ್ಪ್ಯಾನರನ್ನು ನೆಲಕ್ಕೆ ಕುಕ್ಕಿ ಎದ್ದು ಹೋಗುತ್ತಿದ್ದರು. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಒಂದು ವರ್ಷ ಅವರ ಬೈಗುಳ ತಿಂದು ಮನೆಗೆ ಹೋಗಿ ಗಂಡನ ಮೇಲೆ ರೇಗಿದ್ದೇನೆ. ಆದರೂ ನನ್ನ ಡಿಪ್ಲೊಮಾ ಕಲಿಸದ್ದನ್ನು ಕಲಿಸಿದವರು ಅವರು.

ಎಣ್ಣೆ ದೀಪದ ವಿಷಯ ಕಲಿತದ್ದು ಒಬ್ಬ ಟ್ಯಾಕ್ಸಿ ಡ್ರೈವರಿನ ದೆಸೆಯಿಂದ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಗಿಂಡಿಯ ಆಕಾರದ ಒಂದು ಕೆಂಪು ದೀಪ ಇರುತ್ತದೆ. ಇಂಜಿನ್ನಿನೊಳಗೆ ಎಣ್ಣೆಯ ಒತ್ತಡ ಇಳಿದರೆ ಅದು ಹತ್ತಿಕೊಳ್ಳುತ್ತದೆ. ಆ ಡ್ರೈವರ್ ತಿರುಪತಿಗೆ ಯಾತ್ರಿಕರನ್ನು ಕರೆದುಕೊಂಡು ಹೋಗಿ, ಒಂದೇ ಉಸಿರಿಗೆ ಓಡಿಸಿಕೊಂಡು ವಾಪಸು ಬಂದಿದ್ದ. ಸಿಗ್ನಲ್ಲಿನಲ್ಲಿ ನಿಂತಾಗ ದೀಪ ಹತ್ತಿದೆ. ಹೆದರಿ ಅಲ್ಲೇ ಇಂಜಿನ್ ನಿಲ್ಲಿಸಿ, ತಳ್ಳಿಸಿಕೊಂಡು ಬಂದಿದ್ದ. ಮ್ಯಾನೇಜರ್ ನೋಡಿದವನೇ, ಇಂಜಿನ್ ಪೂರ್ತಿ ಬಿಚ್ಚಬೇಕು, ವಾರ ಹಿಡಿಯುತ್ತದೆ ಅಂದ. ಡ್ರೈವರಿನ ಮುಖ ಸುಣ್ಣವಾಯಿತು.

ಇವರು ನಡುವೆ ಬಂದರು. ಮೊದಲು ಡ್ರೈವರಿನ ಬೆನ್ನು ತಟ್ಟಿದರು, ದೀಪ ಕಂಡ ಕೂಡಲೇ ನಿಲ್ಲಿಸಿದ್ದಕ್ಕೆ. ಆಮೇಲೆ ನನ್ನನ್ನು ಕರೆದರು.

“ಬಾ ಇಲ್ಲಿ ತಂಗಿ. ದೀಪ ನಿಜ ಹೇಳ್ತಾ ಉಂಟಾ, ಸುಳ್ಳು ಹೇಳ್ತಾ ಉಂಟಾ, ನಂಗೆ ಗೊತ್ತಿಲ್ಲೆ. ನಿಂಗೆ ಗೊತ್ತಾ? ಇಲ್ಲೆ. ಮ್ಯಾನೇಜರಿಗೆ ಗೊತ್ತಾ? ಅವ್ನಿಗೆ ಎಂತದೂ ಗೊತ್ತಿಲ್ಲೆ. ಹಾಗಾರೆ ಕಾಂಬ.”

ಎಣ್ಣೆಯ ಮಟ್ಟ ನೋಡಿದರು, ಸರಿಯಿತ್ತು. ಬಿಳಿ ಬಟ್ಟೆಯಲ್ಲಿ ಸವೆದ ಲೋಹದ ಹೊಳಪಿಲ್ಲ, ಎಣ್ಣೆಗೆ ಪೆಟ್ರೋಲ್ ಬೆರೆತ ವಾಸನೆಯಿಲ್ಲ. ದೀಪಕ್ಕೆ ಸುದ್ದಿ ಕಳಿಸುವ ಸ್ವಿಚ್ಚನ್ನು ಇಂಜಿನ್ನಿಂದ ಬಿಚ್ಚಿ, ಆ ತೂತಿಗೆ ಒತ್ತಡ ಅಳೆಯುವ ಮುಳ್ಳಿನ ಗೇಜೊಂದನ್ನು ಸಿಕ್ಕಿಸಿ ಇಂಜಿನ್ ಶುರು ಮಾಡಿದರು. ತಣ್ಣಗಿರುವಾಗ ನೋಡಿದರು, ಚೆನ್ನಾಗಿ ಕಾಯಿಸಿ ನೋಡಿದರು, ವೇಗ ಏರಿಸಿ ನೋಡಿದರು. ಮುಳ್ಳು ಇರಬೇಕಾದ ಕಡೆಯೇ ನಿಂತಿತ್ತು. ಕೆಟ್ಟಿದ್ದದ್ದು ಸ್ವಿಚ್ ಮಾತ್ರ. ಅರ್ಧ ಗಂಟೆಯಲ್ಲಿ ಹೊಸದು ಹಾಕಿ ಕಳಿಸಿದರು. ಮ್ಯಾನೇಜರ್ ಎರಡು ದಿನ ಅವರ ಜೊತೆ ಮಾತಾಡಲಿಲ್ಲ.

ಇದನ್ನು ಯಾಕೆ ಹೇಳಿದೆನೆಂದರೆ, ಆಮೇಲೆ ಅವರ ಮೇಲೆ ಹೊರಿಸಿದ ಆರೋಪಗಳಲ್ಲಿ ಒಂದು ಹೀಗಿತ್ತು: ಸಣ್ಣದನ್ನು ದೊಡ್ಡದು ಮಾಡಿ ಗಿರಾಕಿಗಳನ್ನು ಹೆದರಿಸುತ್ತಾರೆ.

ಅವರ ಕೆಲಸ ಹೋಗಲು ಕಾರಣವಾದ ಗಾಡಿಯ ಗಿರಾಕಿ ಬೆಸೆಂಟ್ ನಗರದವರು. ಯಾವುದೋ ಕೆಲಸಕ್ಕೆ ಬೆಂಗಳೂರಿಗೆ ಹೋಗಿ ಅದೇ ದಿನ ವಾಪಸು ಬಂದಿದ್ದರು. ಇಷ್ಟು ಗಂಟೆಯಲ್ಲಿ ತಲುಪಿದೆ ಎಂದು ಹೆಮ್ಮೆಯಿಂದ ಹೇಳಿಕೊಂಡರು. ಬರುವಾಗ ಟೋಲ್‌ಗೇಟಿನ ಸಾಲಿನಲ್ಲಿ ನಿಂತಾಗ ಕೆಂಪು ದೀಪ ಮಿನುಗಿದೆ, ಹೊರಟ ಮೇಲೆ ಆರಿದೆ. ಮರುದಿನ ಬೆಳಿಗ್ಗೆ ಗಾಡಿ ತಂದರು. ನಾಳೆ ಮುಂಜಾನೆ ಹೆಂಡತಿಯ ಜೊತೆ ತಿರುಚ್ಚಿಗೆ ಮದುವೆಗೆ ಹೋಗಬೇಕು, ಸಂಜೆಯೊಳಗೆ ಗಾಡಿ ಬೇಕೇ ಬೇಕು ಅಂದರು.

ಇವರು ಗೇಜು ಸಿಕ್ಕಿಸಿದರು. ತಣ್ಣಗಿದ್ದಾಗ ಮುಳ್ಳು ಸರಿಯಿತ್ತು. ಇಂಜಿನ್ ಕಾದ ಮೇಲೆ, ನಿಂತಲ್ಲೇ ಕೆಳಗೆ ಬಂತು. ಅಷ್ಟಕ್ಕೆ ಬಿಡಲಿಲ್ಲ. ಗೇಜಿನ ಉದ್ದನೆಯ ಟ್ಯೂಬನ್ನು ಬಾನೆಟ್ಟಿನ ಸಂದಿಯಿಂದ ಹೊರಗೆ ತಂದು, ಗೇಜನ್ನು ಮುಂದಿನ ಗಾಜಿನ ಮೇಲೆ ವೈಪರಿಗೆ ಟೇಪಿನಿಂದ ಕಟ್ಟಿದರು. “ಹತ್ತು ತಂಗಿ, ನೀ ಮುಳ್ಳು ಕಾಣ್. ನಾ ರೋಡ್ ಕಾಣ್ತೆ” ಅಂದರು.

ಮಧುರವಾಯಲ್ ಬೈಪಾಸಿನಲ್ಲಿ ಓಡಿಸಿದರು. ನಾನು ಪಕ್ಕದಲ್ಲಿ ಕೂತು ಗಾಜಿನಾಚೆಯ ಮುಳ್ಳನ್ನು ನೋಡಿ ಕೂಗಿ ಹೇಳುತ್ತಿದ್ದೆ. ವೇಗ ಏರಿದಂತೆ ಮುಳ್ಳೂ ಏರಿತು. ಇನ್ನೂ ಏರಿಸಿದರು. ಆಗ ಮುಳ್ಳು ಒಮ್ಮೆ ನಡುಗಿ ನಿಧಾನಕ್ಕೆ ಇಳಿಯತೊಡಗಿತು. ಇಂಜಿನ್ ಕೂಗುತ್ತಿದೆ, ಮುಳ್ಳು ಬೀಳುತ್ತಿದೆ.

“ಇಳೀತಿದೆ ಅಣ್ಣಾ! ಇನ್ನೂ ಇಳೀತಿದೆ!”

ಕೂಡಲೇ ಕಾಲು ತೆಗೆದು ಗಾಡಿಯನ್ನು ಪಕ್ಕಕ್ಕೆ ತಂದು ಇಂಜಿನ್ ನಿಲ್ಲಿಸಿದರು. ಆಮೇಲೆ ಹೇಳಿದರು, ಒಳಗೆ ಬೇರಿಂಗ್ ಸವೆದಿದ್ದರೆ ನಿಂತಾಗ ಒತ್ತಡ ಕಮ್ಮಿ, ಓಡಿದ ಹಾಗೆ ಏರಬೇಕು. ಇದು ವೇಗದಲ್ಲಿ ಬೀಳುತ್ತಿದೆ. ಅಂದರೆ ಪಂಪಿಗೆ ಎಣ್ಣೆ ಸಿಗುತ್ತಿಲ್ಲ. ಕೆಳಗೆ ಎಣ್ಣೆ ಚೇಂಬರಿನಲ್ಲಿ ಒಂದು ಜಾಲರಿ ಇರುತ್ತದೆ, ಎಣ್ಣೆ ಅದರ ಮೂಲಕವೇ ಮೇಲೆ ಬರಬೇಕು. ಆ ಜಾಲರಿಗೆ ಏನೋ ಅಡ್ಡ ಬಂದಿದೆ.

ವರ್ಕ್‌ಶಾಪಿಗೆ ಮೆಲ್ಲಗೆ ತಂದು ಗಾಡಿಯನ್ನು ಮೇಲೆತ್ತಿ, ಟಾರ್ಚ್ ಹಿಡಿದು ನನಗೆ ತೋರಿಸಿದರು. ಚೇಂಬರಿನ ಅಂಚಿನ ಸುತ್ತ ಕಪ್ಪು ರಬ್ಬರಿನಂಥ ಪೇಸ್ಟ್ ದಪ್ಪಗೆ ಉಕ್ಕಿ ನಿಂತಿತ್ತು. ಎರಡು ತಿಂಗಳ ಹಿಂದೆ ಎಣ್ಣೆ ಸೋರುತ್ತದೆ ಅಂತ ಇದೇ ಗಾಡಿ ನಮ್ಮಲ್ಲಿಗೇ ಬಂದಿತ್ತು. ಬೇರೆ ಮೆಕ್ಯಾನಿಕ್ ಅವಸರದಲ್ಲಿ ಪೇಸ್ಟ್ ಬಳಿದು ಮುಚ್ಚಿದ್ದ.

“ಹೊರಗೆ ಇಷ್ಟು ಉಕ್ಕಿದ್ರೆ ಒಳಗೂ ಇಷ್ಟೇ ಉಕ್ಕಿರ್ತದೆ ಅಲ್ದಾ? ಅದು ಗಟ್ಟಿಯಾಗಿ, ತುಂಡಾಗಿ, ಜಾಲರಿ ಮೇಲೆ ಕೂತಿದೆ. ಇವತ್ತು ಚೇಂಬರ್ ಇಳಿಸ್ಕ್. ನಾಳೆ ಮಧ್ಯಾಹ್ನ ಗಾಡಿ ಕೊಡುವ.”

ಮ್ಯಾನೇಜರ್ ಬಂದು ನೋಡಿದ. ಅವನಿಗೆ ತಕ್ಷಣ ಅರ್ಥವಾಯಿತು, ಅದೇ ತೊಂದರೆಯಾದದ್ದು. ಚೇಂಬರ್ ಇಳಿಸಿದರೆ ತಪ್ಪು ನಮ್ಮದು ಎಂದು ಗಿರಾಕಿಯ ಮುಂದೆ ಒಪ್ಪಿಕೊಳ್ಳಬೇಕು. ಸ್ವಿಚ್ ಬದಲಾಯಿಸಿ ಕಳಿಸೋಣ, ಮದುವೆ ಮುಗಿಸಿ ಬಂದ ಮೇಲೆ ನೋಡೋಣ ಅಂದ. ಇವರು ನನ್ನ ಮೇಜಿನಿಂದ ಕೆಂಪು ಪೆನ್ನು ತೆಗೆದುಕೊಂಡು, ಜಾಬ್ ಕಾರ್ಡಿನ ಮೇಲೆ ಅಡ್ಡಡ್ಡವಾಗಿ, ದೊಡ್ಡ ತಮಿಳು ಅಕ್ಷರಗಳಲ್ಲಿ ‘ಗಾಡಿ ಕೊಡಬೇಡ’ ಎಂದು ಬರೆದು ಕೆಳಗೆ ಸಹಿ ಹಾಕಿದರು.

ಒಂದು ಗಂಟೆಯ ಮೇಲೆ ಮ್ಯಾನೇಜರ್ ಅವರನ್ನು ಪೂಂದಮಲ್ಲಿಯ ಕಡೆಗೆ ಕಳಿಸಿದ, ಅಲ್ಲೊಂದು ಗಾಡಿ ದಾರಿಯಲ್ಲಿ ನಿಂತಿದೆ ಅಂತ. ಅವರು ಹೋದ ಮೇಲೆ ಇನ್ನೊಬ್ಬನಿಂದ ಹಳೇ ಎಣ್ಣೆ ಇಳಿಸಿ ಇನ್ನೂ ಗಟ್ಟಿಯಾದ ಎಣ್ಣೆ ತುಂಬಿಸಿ, ಹೊಸ ಸ್ವಿಚ್ ಹಾಕಿಸಿದ. ಗಟ್ಟಿ ಎಣ್ಣೆ ಇದ್ದರೆ, ನಿಂತಲ್ಲಿ ಒತ್ತಡ ಅಷ್ಟು ಇಳಿಯುವುದಿಲ್ಲ, ದೀಪ ಆರುತ್ತದೆ. ಆದರೆ ಕಟ್ಟಿಕೊಂಡ ಜಾಲರಿಯಿಂದ ಅದು ಮೇಲೆ ಬರುವುದು ಮೊದಲಿಗಿಂತ ಕಷ್ಟ. ಇದು ನನಗೆ ಗೊತ್ತಿತ್ತು. ಆ ದಿನ ಬೆಳಿಗ್ಗೆಯಷ್ಟೇ ಮುಳ್ಳು ಬೀಳುವುದನ್ನು ಕಂಡವಳು ನಾನು.

“ಹೊಸ ಕಾರ್ಡ್ ಪ್ರಿಂಟ್ ಮಾಡಮ್ಮ, ಹಳೇದನ್ನ ಹರಿದು ಹಾಕು” ಎಂದು ಮ್ಯಾನೇಜರ್ ತಮಿಳಿನಲ್ಲಿ ಹೇಳಿದ. ಪ್ರಿಂಟ್ ಮಾಡಿದೆ. ಕೆಲಸ ಅವರ ಹೆಸರಿಗೆ ಹಂಚಿಕೆಯಾಗಿದ್ದರಿಂದ ಮೆಕ್ಯಾನಿಕ್ ಎಂಬ ಜಾಗದಲ್ಲಿ ಕಂಪ್ಯೂಟರ್ ಅವರ ಹೆಸರನ್ನೇ ಹಾಕಿತು. ನಾನು ನೋಡಿದೆ, ಬದಲಾಯಿಸಲಿಲ್ಲ. ಹಳೇ ಕಾರ್ಡನ್ನು ಹರಿಯಲಿಲ್ಲ, ಮಡಿಸಿ ಊಟದ ಚೀಲಕ್ಕೆ ಹಾಕಿಕೊಂಡೆ. ಅದು ಧೈರ್ಯದಿಂದ ಮಾಡಿದ್ದೆಂದು ಯಾರೂ ತಿಳಿಯಬೇಡಿ. ನಾಳೆ ನನ್ನ ತಲೆಗೇ ಬಂದರೆ ಕೈಯಲ್ಲಿರಲಿ ಅಂತ ಇಟ್ಟುಕೊಂಡದ್ದು.

ಸಂಜೆ ಗಿರಾಕಿ ಬಂದು ದೀಪ ಆರಿದ್ದನ್ನು ನೋಡಿ ಖುಷಿಪಟ್ಟರು. ಕೀ ಕೊಡುವಾಗ ನಾನು ಒಂದು ಮಾತು ಹೇಳಿದೆ. ಅದನ್ನು ಹೇಳು ಅಂತ ಮ್ಯಾನೇಜರ್ ಹೇಳಿಕೊಟ್ಟಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ಗಿರಾಕಿಯನ್ನು ನಗಿಸಿ ಕಳಿಸುವ ಚಾಳಿ, ಬಾಯಿಗೆ ತಾನೇ ಬಂತು.

“ದಾರಿಯಲ್ಲಿ ಒಂದೆರಡು ಸಲ ದೀಪ ಮಿನುಗಿದರೂ ಹೆದರಬೇಡಿ ಸರ್. ಹೊಸ ಸ್ವಿಚ್ ಸೆಟ್ ಆಗೋಕೆ ಸ್ವಲ್ಪ ಟೈಮ್ ಬೇಕು.”

ಅವರು ಪೂಂದಮಲ್ಲಿಯಿಂದ ವಾಪಸು ಬಂದಾಗ ಗಾಡಿ ನಿಂತಿದ್ದ ಜಾಗ ಖಾಲಿಯಿತ್ತು. ನೇರ ನನ್ನ ಹತ್ತಿರ ಬಂದರು.

“ಆ ಗಾಡಿ ಎಲ್ಲಿ?”

“ಕೊಟ್ಟಾಯ್ತು ಅಣ್ಣಾ. ಮ್ಯಾನೇಜರ್ ಹೇಳಿದ್ರು.”

“ಅವ್ರ ನಂಬರ್ ಕೊಡು. ನಾ ಮಾತಾಡ್ತೆ.”

“ಗಿರಾಕಿ ನಂಬರ್ ಮೆಕ್ಯಾನಿಕ್ಕಿಗೆ ಕೊಡಬಾರದು ಅಂತ ರೂಲ್ಸ್ ಇದೆ ಅಣ್ಣಾ.”

ನನ್ನನ್ನು ನೋಡಿದರು. ಸಮವಸ್ತ್ರದಲ್ಲೇ ಬೈಕ್ ಹತ್ತಿ ಹೊರಟರು. ಅವರಿಗೆ ಗೊತ್ತಿದ್ದದ್ದು ಕಾರಿನ ನಂಬರು, ಬಣ್ಣ, ಬೆಸೆಂಟ್ ನಗರ ಎಂಬ ಹೆಸರು, ಇಷ್ಟೇ. ರಸ್ತೆಯಿಂದ ರಸ್ತೆಗೆ, ಗೇಟಿಂದ ಗೇಟಿಗೆ ಇಣುಕುತ್ತಾ ಹೋದರಂತೆ. ಒಬ್ಬ ವಾಚ್‌ಮನ್ ಕಳ್ಳನೆಂದು ಅಟ್ಟಿದನಂತೆ. ಕೊನೆಗೆ ರಸ್ತೆ ಬದಿ ತಳ್ಳುಗಾಡಿಯಲ್ಲಿ ಇಸ್ತ್ರಿ ಹಾಕುವವನೊಬ್ಬ ಕಾರಿನ ಗುರುತು ಹಿಡಿದು ಮನೆ ತೋರಿಸಿದ್ದಾನೆ.

ಗಿರಾಕಿ ಮಹಾಶಯರು ಗೇಟು ತೆಗೆಯದೆಯೇ ಮಾತಾಡಿದರು. ಇವರು ಕೈಮುಗಿದು ಹೇಳಿದ್ದಾರೆ, ನಾಳೆ ಈ ಗಾಡಿ ತೆಗೆಯಬೇಡಿ, ಬಸ್ಸಿಗೆ ಹೋಗಿ, ಬೇಕಾದರೆ ಟ್ಯಾಕ್ಸಿ ನಾನೇ ಮಾಡಿಕೊಡುತ್ತೇನೆ ಅಂತ. ಗಿರಾಕಿ ನಾನು ಕೊಟ್ಟ ಹೊಸ ಕಾರ್ಡನ್ನು ತಂದು, ‘ಎಲ್ಲ ಸರಿಯಿದೆ ಅಂತ ಬರೆದಿದೆ, ಕೆಳಗೆ ಇರುವುದು ನಿನ್ನ ಹೆಸರೇ ಅಲ್ಲವೇ?’ ಎಂದು ಕೇಳಿದ್ದಾರೆ. ಆ ಕಾರ್ಡಿನಲ್ಲಿ ತಮ್ಮ ಹೆಸರನ್ನು ಇವರು ಮೊದಲು ಕಂಡದ್ದು ಅಲ್ಲಿ, ಪರರ ಮನೆಯ ಗೇಟಿನ ಹೊರಗೆ ನಿಂತು. ಇವರು ಇನ್ನೂ ಅಲ್ಲಿರುವಾಗಲೇ ಗಿರಾಕಿ ಮ್ಯಾನೇಜರಿಗೆ ಫೋನ್ ಮಾಡಿ ದೂರು ಕೊಟ್ಟರು.

ಮರುದಿನ ತಿಂಡಿವನಂ ದಾಟಿದ ಮೇಲೆ ದೀಪ ಮಿನುಗಿತು. ಹೆಂಡತಿ ನಿಲ್ಲಿಸಿ ಅಂದರು. ಗಂಡ ನಿಲ್ಲಿಸಲಿಲ್ಲ. ಇನ್ನು ಕೆಲವು ಕಿಲೋಮೀಟರಿಗೆ ಎಣ್ಣೆ ಸಿಗದೆ ಇಂಜಿನ್ ಕಚ್ಚಿಕೊಂಡು, ವೇಗದ ಸಾಲಿನ ನಡುವೆಯೇ ಗಾಡಿ ನಿಂತುಬಿಟ್ಟಿತು. ಹಿಂದಿನಿಂದ ಬಂದ ಬಸ್ಸು ಎಷ್ಟು ಬ್ರೇಕ್ ಹಾಕಿದರೂ ಎಡಗಡೆಗೆ ಬಡಿಯಿತು. ಗಂಡನಿಗೆ ಪೆಟ್ಟಾಗಲಿಲ್ಲ. ಹೆಂಡತಿಯ ಕಾಲು ಎರಡು ಕಡೆ ಮುರಿಯಿತು.

ವಿಚಾರಣೆಗೆ ಹೆಡ್ ಆಫೀಸಿನಿಂದ ಮೂವರು ಬಂದರು. ಮ್ಯಾನೇಜರ್ ಎಲ್ಲ ಕಾಗದ ಜೋಡಿಸಿಟ್ಟಿದ್ದ. ಗಾಡಿಯ ಕೆಲಸ ಮಾಡಿದ್ದು ಇವರು, ಹೆಸರು ಇದೆ. ತಾವೇ ಸರಿಯಾಗಿ ಮಾಡದೆ, ಆಮೇಲೆ ಭಯವಾಗಿ ಗಿರಾಕಿಯ ಮನೆಗೆ ಹೋಗಿ ಗಲಾಟೆ ಮಾಡಿದ್ದಾರೆ. ಇವರು ಕೆಂಪು ಪೆನ್ನಿನಲ್ಲಿ ಬರೆದ ವಿಷಯ ಹೇಳಿದರು. ಅಂಥ ಕಾರ್ಡ್ ಇಲ್ಲವೇ ಇಲ್ಲ ಅಂದ ಮ್ಯಾನೇಜರ್.

ಆಗ ಇವರು ನನ್ನ ಕಡೆ ತಿರುಗಿದರು. ಎಲ್ಲರಿಗೂ ತಿಳಿಯಲಿ ಎಂದು ತಮಿಳಿನಲ್ಲೇ ಕೇಳಿದರು, “ನೀನು ಹೇಳು ತಂಗಿ. ನಾನು ಬರೆದದ್ದನ್ನು ನೀನು ನೋಡಿದೆಯಾ ಇಲ್ಲವಾ?”

“ನಾನು ನೋಡಿಲ್ಲ” ಅಂದೆ.

ಕಾರ್ಡು ಮನೆಯಲ್ಲಿ, ಬೀರುವಿನಲ್ಲಿ, ಮಗಳ ಜನನ ಪತ್ರದ ಕೆಳಗಿತ್ತು. ಹಾಗೆ ಹೇಳಲು ನನಗೆ ಕಾರಣಗಳಿದ್ದವು. ಅವನ್ನು ಬರೆದರೆ ಓದಿದವರು ನನ್ನ ಮೇಲೆ ಕನಿಕರಪಟ್ಟಾರು. ಅದಕ್ಕೇ ಬರೆಯುವುದಿಲ್ಲ.

ಅವರು ಎದ್ದು ನಿಂತರು. ಮೂವರು ಅಧಿಕಾರಿಗಳ ಕಡೆಗಾಗಲೀ ಮ್ಯಾನೇಜರ್ ಕಡೆಗಾಗಲೀ ನೋಡಲಿಲ್ಲ. ನನ್ನೊಬ್ಬಳನ್ನೇ ನೋಡುತ್ತಾ ಕನ್ನಡದಲ್ಲಿ ಶುರು ಮಾಡಿದರು. ದನಿ ಏರಿಸಲಿಲ್ಲ. ಕನ್ನಡ ಬಾರದ ಆ ನಾಲ್ವರೂ, ಪಾಪ, ಮುದುಕ ಏನೋ ಬೇಡಿಕೊಳ್ಳುತ್ತಿದ್ದಾನೆ ಎಂದುಕೊಂಡು ಸುಮ್ಮನೆ ಕೂತಿದ್ದರು.

“ಮುಳ್ಳು ಬಿದ್ದದ್ ನೀ ಕಣ್ಣಾರೆ ಕಂಡಿದ್ದಿ. ಇಳೀತಿದೆ ಅಣ್ಣಾ ಅಂದದ್ದ್ ನೀನೇ. ಈ ಮ್ಯಾನೇಜರಿಗೆ ಎಂತ ಗೊತ್ತಿಲ್ಲೆ, ಅವ್ನ ಬಗ್ಗೆ ನಂಗೆ ಬೇಜಾರಿಲ್ಲೆ. ನಿಂಗೆ ಗೊತ್ತಿತ್. ನಾನೇ ಕಲಿಸಿದ್ದೆ. ಗೊತ್ತಿದ್ದೂ ಕೊಟ್ಟಿ. ಆ ಹೆಂಗಸು ಸತ್ತಿದ್ರೆ? ಆಗ್ಲೂ ಕಂಡಿಲ್ಲೆ ಅಂಬುದಾ ನೀನು? ನಿನ್ನ ಹತ್ರ ಕನ್ನಡ ಮಾತಾಡಿದ್ದೇ ನನ್ನ ತಪ್ಪು. ನಮ್ಮವಳು ಅಂತ ಮಾಡಿದ್ದೆ. ಥೂ.”

ಇನ್ನೂ ಬಹಳ ಹೇಳಿದರು. ಎಲ್ಲವನ್ನೂ ಇಲ್ಲಿ ಬರೆಯಲು ನನ್ನಿಂದ ಆಗುವುದಿಲ್ಲ. ಅವರು ಹೊರಟು ಹೋದ ಮೇಲೆ ಅಧಿಕಾರಿಯೊಬ್ಬರು ನನ್ನನ್ನು ಕೇಳಿದರು, ಏನು ಹೇಳಿದ ಅಂತ. “ಮನೆ ಕಷ್ಟ ಹೇಳಿಕೊಂಡರು ಸರ್” ಅಂದೆ. ಆ ದಿನದ ಎರಡನೇ ಸುಳ್ಳು. ಅವರನ್ನು ಕೆಲಸದಿಂದ ತೆಗೆದರು.

ಅದಾಗಿ ನಾಲ್ಕು ತಿಂಗಳ ಮೇಲೆ ಒಂದು ಬೆಳಿಗ್ಗೆ ಹೆಂಗಸೊಬ್ಬರು ವಾಕರ್ ಹಿಡಿದು ನಮ್ಮ ರಿಸೆಪ್ಷನ್ನಿಗೆ ಬಂದರು. ಒಂದೊಂದು ಹೆಜ್ಜೆಗೂ ನಿಂತು, ಉಸಿರು ತೆಗೆದುಕೊಂಡು, ನನ್ನ ಮೇಜಿನವರೆಗೆ ಬಂದರು. ನಾನು ಕುರ್ಚಿ ಎಳೆದು ಕೊಟ್ಟೆ, ಕೂರಲಿಲ್ಲ. ಬೆಸೆಂಟ್ ನಗರದ ಆ ಗಿರಾಕಿಯ ಹೆಂಡತಿ.

“ದೀಪ ಮಿನುಗಿದರೆ ಹೆದರಬೇಡಿ ಅಂದದ್ದು ನೀನೇನಾ?” ತಮಿಳಿನಲ್ಲಿ ಕೇಳಿದರು. “ನಾನು ನಿಲ್ಲಿಸಿ ಅಂದೆ. ಸರ್ವಿಸ್ ಸೆಂಟರಿನ ಹುಡುಗಿ ಹೇಳಿದ್ದಾಳೆ, ಏನೂ ಆಗಲ್ಲ ಅಂದರು ನನ್ನ ಗಂಡ. ಆ ಹುಡುಗಿ ಹೇಗಿದ್ದಾಳೆ ನೋಡಬೇಕು ಅನ್ನಿಸಿತು. ನಡೆಯೋ ಹಾಗೆ ಆಗಲಿ ಅಂತ ಕಾದಿದ್ದೆ.”

ಮ್ಯಾನೇಜರ್ ಓಡಿ ಬಂದು, ಕಾಫಿ ತರಿಸಲಾ ಮೇಡಂ ಅಂದ. ಅವರು ಅವನ ಕಡೆ ತಿರುಗಲೂ ಇಲ್ಲ. ನನ್ನ ಉತ್ತರಕ್ಕೆ ಕಾಯುತ್ತಾ ನಿಂತಿದ್ದರು.

“ನಾನೇ ಮೇಡಂ” ಅಂದೆ. “ಅದು ಸುಳ್ಳು ಅಂತ ಗೊತ್ತಿದ್ದೇ ಹೇಳಿದೆ. ನಿಮ್ಮ ಮನೆಗೆ ಬಂದಿದ್ದ ಮೆಕ್ಯಾನಿಕ್ ಹೇಳಿದ್ದೇ ನಿಜ. ನನ್ನ ಹತ್ತಿರ ಕಾಗದ ಇದೆ.”

ಮ್ಯಾನೇಜರ್ ಮುಖ ನೋಡಬೇಕಿತ್ತು. ಆ ಮುಖವನ್ನು ನೆನೆಸಿಕೊಂಡರೆ ಈಗಲೂ ನನಗೆ ಸ್ವಲ್ಪ ಸಮಾಧಾನ. ಅವತ್ತೇ ಕೆಲಸ ಬಿಟ್ಟೆ. ಮರುದಿನ ಕೆಂಪಕ್ಷರದ ಕಾರ್ಡನ್ನು ಆ ಹೆಂಗಸಿನ ಕೈಗೆ ಕೊಟ್ಟೆ. ಅವರು ಗ್ರಾಹಕರ ಆಯೋಗಕ್ಕೆ ಹೋದರು. ಗಾಡಿಯ ಇಂಜಿನ್ ಬಿಚ್ಚಿಸಿ ನೋಡಿದಾಗ, ಜಾಲರಿಯ ತುಂಬ ಕಪ್ಪು ಪೇಸ್ಟಿನ ತುಂಡುಗಳು.

ನಾನೂ ಸಾಕ್ಷಿ ಹೇಳಿದೆ. ಕೆಲಸ ಕಳೆದುಕೊಂಡಿದ್ದ ಅವರೂ ಸಾಕ್ಷಿ ಹೇಳಲು ಬಂದರು. ಆಗ ಮೈಲಾಪೂರಿನ ಒಂದು ಸಂದಿಯಲ್ಲಿ ತಗಡಿನ ಶೆಡ್ ಹಾಕಿಕೊಂಡು ಟ್ಯಾಕ್ಸಿ ರಿಪೇರಿ ಮಾಡುತ್ತಿದ್ದರು. ಮೈಯಲ್ಲಿ ಇಳಿದು ಹೋಗಿದ್ದರು. ದೀಪ ಏನು, ಮುಳ್ಳು ಏನು, ಜಾಲರಿ ಏನು, ಎಲ್ಲವನ್ನೂ ಆಯೋಗದವರಿಗೆ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಸರ್ವಿಸ್ ಸೆಂಟರಿನ ವಕೀಲ ಎದ್ದು, ನೀವು ಎಲ್ಲರ ಹತ್ತಿರವೂ ಜಗಳ ಆಡುತ್ತೀರಂತೆ, ಹೌದೋ ಅಲ್ಲವೋ ಎಂದು ಕೇಳಿದ.

“ಹೌದು, ಆಡ್ತೇನೆ” ಅಂದರು. “ನಿಮ್ಮ ಹತ್ತಿರವೂ ಆಡುವುದಿದೆ. ಮೊದಲು ಈ ಜಾಲರಿ ವಿಷಯ ಮುಗಿಸುತ್ತೇನೆ, ಕೂತ್ಕೊಳ್ಳಿ.”

ವಕೀಲ ಕೂತ.

ಆದೇಶ ಆ ಹೆಂಗಸಿನ ಪರವಾಗಿ ಬಂತು. ಮೆಕ್ಯಾನಿಕ್ಕಿನ ತಪ್ಪೇನೂ ಇಲ್ಲ, ಅವರು ಎಚ್ಚರಿಸಿದ್ದರು ಎಂದೂ ಅದರಲ್ಲಿ ಬರೆದಿತ್ತು. ಅವರನ್ನು ಯಾರೂ ವಾಪಸು ಕರೆಯಲಿಲ್ಲ, ಕರೆದಿದ್ದರೆ ಅವರು ಹೋಗುತ್ತಲೂ ಇರಲಿಲ್ಲ. ಮ್ಯಾನೇಜರನ್ನು ಇನ್ನೂ ದೊಡ್ಡದೊಂದು ಬ್ರಾಂಚಿಗೆ ಹಾಕಿದರು. ಈಗ ಅವನ ಕೈಕೆಳಗೆ ಮೊದಲಿಗಿಂತ ಎರಡರಷ್ಟು ಜನ ಇದ್ದಾರೆ. ಇದನ್ನು ಬರೆಯುವಾಗಲೂ ನನ್ನ ಹಲ್ಲು ಕಟಕಟ ಅನ್ನುತ್ತಿದೆ.

ಆದೇಶದ ಪ್ರತಿ ತೆಗೆದುಕೊಳ್ಳಲು ಹೋದ ದಿನ ಅವರು ಆಯೋಗದ ಆಫೀಸಿನ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನಾನು ಹತ್ತಿರ ಹೋಗಿ ನಿಂತೆ.

“ನನ್ನದು ತಪ್ಪಾಯ್ತು ಅಣ್ಣಾ” ಎಂದಷ್ಟೇ ಹೇಳಿದೆ.

ಅವರು ಕೈಯಲ್ಲಿದ್ದ ಕಾಗದಗಳನ್ನು ನನ್ನ ಕಡೆ ಚಾಚಿದರು.

“ಎಲ್ಲ ಇಂಗ್ಲಿಷಂಗೆ ಉಂಟು. ನಿನ್ನ ಬಗ್ಗೆ ಎಂತ ಬರ್ದಿದ್ರ್? ಕನ್ನಡದಂಗೆ ಹೇಳ್.”

ಬೆಂಚಿನ ತುದಿಯಲ್ಲಿ ಕೂತು ಹುಡುಕಿದೆ. ಸಿಕ್ಕಿತು. “ಈ ಸಾಕ್ಷಿಗೆ ಗಾಡಿಯ ದೋಷ ಮೊದಲೇ ತಿಳಿದಿತ್ತು. ತಿಳಿದೂ ಗಿರಾಕಿಗೆ ಸುಳ್ಳು ಭರವಸೆ ಕೊಟ್ಟಳು. ಆಮೇಲೆ ತನ್ನ ಸಹೋದ್ಯೋಗಿಯ ವಿಚಾರಣೆಯಲ್ಲಿಯೂ ಸುಳ್ಳು ಹೇಳಿದಳು.” ಮೆಲ್ಲಗೆ ಓದಿದೆ. ಸುತ್ತ ಜನ ಓಡಾಡುತ್ತಿದ್ದರು.

“ಕೇಂಬುದಿಲ್ಲೆ. ಇನ್ನೊಂದ್ ಸಲ.”

ಇನ್ನೊಂದು ಸಲ ಓದಿದೆ. ಕೊನೆಯ ಸಾಲನ್ನು ಅರ್ಧ ನುಂಗಿದೆ. ಅವರು ನನ್ನ ಕಡೆ ನೋಡದೆ ರಸ್ತೆಯನ್ನೇ ನೋಡುತ್ತಾ ಕಾದರು.

“ಮತ್ತೊಂದ್ ಸಲ.”

ಮೂರನೇ ಸಲ ತಲೆ ಎತ್ತಿ ಓದಿದೆ, ಒಂದೊಂದೇ ಮಾತನ್ನು ಬಿಡಿಸಿ, ಎಲ್ಲಿಯೂ ನುಂಗದೆ. ಎದುರಿನ ಬೆಂಚಿನಲ್ಲಿ ಕೂತಿದ್ದವರು ತಿರುಗಿ ನೋಡಿದರು.

“ಹ್ಞಾಂ” ಅಂದರು. “ಈಗ ಸಮ ಓದಿದಿ.”

ಕಾಗದಗಳನ್ನು ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿ, ಬೈಕ್ ಒದ್ದು ಹೊರಟು ಹೋದರು.